ಬಾಕಿ ವಸೂಲಿ ಗೇಟಿನಲ್ಲೇ ಶುರು

ಬೆಂಗಳೂರಿನ ಪೀಣ್ಯದಲ್ಲಿ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಜಾಬ್‌ವರ್ಕ್ ಶೆಡ್ ನಡೆಸುವವರಿಗೆ, ಬಾಕಿ ಕೇಳಿದಾಗ ಸಿಗುವ ಮೂರು ಮಾತು ಬಾಯಿಪಾಠ: ‘ಅಕೌಂಟ್ಸ್‌ನವರು ರಜಾ ಸಾರ್’, ‘ಚೆಕ್ ರೆಡಿ ಇದೆ, ಸೈನ್ ಆಗ್ಬೇಕು’, ‘ನಮಗೇ ಪಾರ್ಟಿಯಿಂದ ಬಂದಿಲ್ಲ’. ಒಮ್ಮೆ ನಾನು ಒಂದು ಕಂಪನಿಗೆ 84,000 ರೂಪಾಯಿಯ ಬುಷ್ (ಯಂತ್ರದ ಬಿಡಿಭಾಗ) ಕಳಿಸಿ ಆರು ತಿಂಗಳು ಅಲೆದೆ. ಕೊನೆಗೆ ಆ ಕಂಪನಿಯವರೆಂದದ್ದು, ‘ಮಾಲು ಬಂದೇ ಇಲ್ವಲ್ಲ!’ ಮಾಲಿನ ಜೊತೆ ಕಳಿಸಿದ ಡೆಲಿವರಿ ಚಲನ್ ತೆಗೆದು ನೋಡಿದರೆ ಸೆಕ್ಯುರಿಟಿಯವನ ಗೀಚು ಸಹಿ. ಸೀಲಿಲ್ಲ, ತಾರೀಕಿಲ್ಲ. ಆ ಮನುಷ್ಯನೂ ಕೆಲಸ ಬಿಟ್ಟು ಊರಿಗೆ ಹೋಗಿದ್ದ.

ಹಾಗಾಗಿ ಮೊದಲ ಕೆಲಸ ಮಾಲು ಇಳಿಸುವ ದಿನದ್ದು. ಚಲನ್ ಮೇಲೆ ಸ್ಟೋರ್ಸ್ ಸೀಲು, ತಾರೀಕು, ಪಡೆದವರ ಹೆಸರು ಹಾಕಿಸಿ. ಸೀಲು ಬೀಳದೆ ಗಾಡಿ ತಿರುಗಿಸಬೇಡ ಎಂದು ಡ್ರೈವರ್‌ಗೆ ಹೇಳಿಡಿ. ಬಿಲ್ಲಿನಲ್ಲಿ ಪಿಒ (ಅವರು ಕೊಟ್ಟ ಖರೀದಿ ಆರ್ಡರ್) ನಂಬರ್, ಹಣ ಕೊಡಬೇಕಾದ ದಿನ, ನಿಮ್ಮ ಉದ್ಯಮ್ ನಂಬರ್ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ ಸಂಖ್ಯೆ) ಇರಲಿ. ಉದ್ಯಮ್ ನೋಂದಣಿ ಪುಕ್ಕಟೆ. ಮಾಲು ಕಳಿಸುವ ಮೊದಲೇ ಮಾಡಿಸಿ. ತಗಾದೆ ಎದ್ದ ಮೇಲೆ ಮಾಡಿಸಿದರೆ ಹಳೆಯ ಬಿಲ್ಲಿಗೆ ಒದಗುವುದು ಕಷ್ಟ.

ಆ ನಂಬರಿಗೆ ಬಲ ಕೊಡುವುದು 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ. ಕಿರು, ಸಣ್ಣ ಉದ್ಯಮದ ಮಾಲು ಅಥವಾ ಸೇವೆಗೆ ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ. ತಡವಾದರೆ ಆರ್‌ಬಿಐ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ‘ಪೀಸ್ ಸರಿಯಿಲ್ಲ’ ಅನ್ನುವವರು ಮಾಲು ಮುಟ್ಟಿದ 15 ದಿನದೊಳಗೆ ಬರೆದು ತಿಳಿಸಬೇಕು. ಪೇಮೆಂಟ್ ಕೇಳಿದ ದಿನ ನೆನಪಾಗುವ ರಿಜೆಕ್ಷನ್ ನಡೆಯದು. ಕೊಂಡು ಮಾರುವ ವ್ಯಾಪಾರಿಗಳಿಗೆ ಮಾತ್ರ ಈ ಆಸರೆ ಇಲ್ಲ.

ಗಡುವು ಮುಗಿದ ಮರುದಿನವೇ ಫೋನ್ ಮಾಡಿ, ಸಂಕೋಚ ಬೇಡ. ಓನರ್‌ಗಲ್ಲ, ಅಕೌಂಟ್ಸ್‌ಗೆ. ‘ದುಡ್ಡು ಯಾವಾಗ?’ ಎನ್ನುವ ಮೊದಲು ‘ಬಿಲ್ ಎಂಟ್ರಿ ಆಗಿದೆಯಾ ಮೇಡಂ?’ ಎಂದು ಕೇಳಿ. ಎಷ್ಟೋ ಬಿಲ್ಲು ಯಾರದೋ ಡ್ರಾಯರ್‌ನಲ್ಲೇ ಮಲಗಿರುತ್ತದೆ. ಮಾರ್ಚ್‌ನಲ್ಲಂತೂ ಬಿಡಬೇಡಿ. ಕಿರು, ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಬಾಕಿಯನ್ನು, ಕೊಟ್ಟ ವರ್ಷವಷ್ಟೇ ಖರ್ಚಿಗೆ ಹಾಕಿಕೊಳ್ಳಬಹುದು ಎಂದು ಆದಾಯ ತೆರಿಗೆ ಕಾನೂನಿಗೆ 2023ರಲ್ಲಿ ತಿದ್ದುಪಡಿ ಬಂತು. ಅವರ ಆಡಿಟರ್‌ಗೆ ಇದು ಚೆನ್ನಾಗಿ ಗೊತ್ತು.

ಮಾತಿಗೆ ಬಗ್ಗದಿದ್ದರೆ ಬಾಕಿ ಇಷ್ಟು ಎಂದು ಒಪ್ಪುವ ಪತ್ರಕ್ಕೆ ಸಹಿ, ಸೀಲು ಹಾಕಿಸಿ. ದಾವೆ ಹೂಡಲು ಇರುವುದು ಮೂರೇ ವರ್ಷ. ಅದು ಮುಗಿಯುವ ಮೊದಲು ಸಹಿ ಸಿಕ್ಕರೆ ಅಂದಿನಿಂದ ಹೊಸದಾಗಿ ಮೂರು ವರ್ಷ.

ಚೆಕ್ ಬೌನ್ಸ್ ಆದರೆ ಎದೆಗುಂದಬೇಡಿ, ಕ್ಯಾಲೆಂಡರ್ ನೋಡಿ. ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ವಕೀಲರ ಮೂಲಕ ಬರಹದ ನೋಟಿಸ್ ಹೋಗಬೇಕು. ಅದು ತಲುಪಿದ ಮೇಲೆ ಅವರಿಗೆ 15 ದಿನ. ಆಗಲೂ ಕೊಡದಿದ್ದರೆ ನಿಮಗೆ ಒಂದು ತಿಂಗಳು, ಅಷ್ಟರಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ ದೂರು ದಾಖಲಾಗಬೇಕು. ದೂರು ಒಂದು ದಿನ ತಪ್ಪಿದರೂ ತಡವಾದದ್ದಕ್ಕೆ ಕೋರ್ಟಿಗೆ ಸಮಜಾಯಿಷಿ ಕೊಡುವ ಪಾಡು.

ಚೆಕ್ಕೂ ಇಲ್ಲ, ಉತ್ತರವೂ ಇಲ್ಲ ಎಂದಾದರೆ ಎಂಎಸ್‌ಇ ಫೆಸಿಲಿಟೇಶನ್ ಕೌನ್ಸಿಲ್‌ಗೆ (ಇದೇ ಕಾಯ್ದೆಯಡಿ ಬಾಕಿ ತಗಾದೆ ಬಗೆಹರಿಸುವ ಮಂಡಳಿ) ಆನ್‌ಲೈನ್‌ನಲ್ಲಿ ದೂರು ಕೊಡಿ. ಪಿಒ, ಬಿಲ್ಲು, ಚಲನ್ ಸ್ಕ್ಯಾನ್ ಮಾಡಿ ಸೇರಿಸಿ. ಮೊದಲು ರಾಜಿ ಮಾತುಕತೆ, ಕೂಡಿಬರದಿದ್ದರೆ ಮಧ್ಯಸ್ಥಿಕೆ. ತೀರ್ಪನ್ನು ಪ್ರಶ್ನಿಸಲು ಅವರು ಕೋರ್ಟಿನಲ್ಲಿ ಶೇ 75 ಹಣ ಕಟ್ಟಬೇಕು. ಕಾನೂನು 90 ದಿನ ಎಂದರೂ ಅಷ್ಟರಲ್ಲೇ ಮುಗಿಯುತ್ತದೆ ಎಂದು ನಂಬಿ ಇಎಂಐ ಮಾತು ಕೊಡಬೇಡಿ. ರಾಜಿಯಲ್ಲಿ ‘ಬಡ್ಡಿ ಬಿಡಿ, ಅಸಲು ಒಂದೇ ಸಲ ಆರ್‌ಟಿಜಿಎಸ್ ಮಾಡ್ತೀವಿ’ ಎಂದರೆ, ನಾನಾದರೆ ಒಪ್ಪಿಬಿಡುತ್ತೇನೆ.