ಬುಟ್ಟಿ ಹಿಡಿದ ಮೇಲೆ ಕೂಟ ನೆಲೆ ನಿಂತಿತು

ಸಿದ್ದಾಪುರ, ಶಿರಸಿ ಕಡೆ ದೀವರ ಸಮುದಾಯದ ಹೆಂಗಸರು ಮಣ್ಣಿನ ಗೋಡೆ, ಬುಟ್ಟಿಗಳ ಮೇಲೆ ಬರೆಯುವ ಹಸೆ ಚಿತ್ತಾರದ ಶಿಬಿರ ಮಾಡಿದವರಿಗೆ ಗೊತ್ತೇ ಇದೆ. ಮೊದಲ ವಾರ ಜಾತ್ರೆ, ಮೂರನೇ ವಾರ ಖಾಲಿ ಚಾಪೆ. ಮಕ್ಕಳೆಲ್ಲ ಬೆಂಗಳೂರು ಸೇರಿ ಮನೆಯಲ್ಲಿ ಒಬ್ಬರೇ ಉಳಿದ ಹೆಂಗಸರು ವಾರಕ್ಕೊಮ್ಮೆ ಕೂಡಿ ಕೂತರೆ ಮನಸ್ಸು ಹಗುರಾಗುತ್ತದೆ ಅಂತ ನಾನೂ ಶುರು ಮಾಡಿದ್ದೆ. ಕ್ಯಾನ್ವಾಸು, ಡಬ್ಬಿ ಬಣ್ಣ, ಹಾಲ್ ಬಾಡಿಗೆ ಅಂತ ಏಳೆಂಟು ಸಾವಿರ ಹೋಯಿತು. "ಇದನ್ನ ಮನೆಗೆ ಒಯ್ದು ಏನು ಮಾಡಲಿ ತಮ್ಮಾ?" ಅಂದರು ಒಬ್ಬರು. ಉತ್ತರ ಇರಲಿಲ್ಲ.

ಮರುವರ್ಷ ಕ್ಯಾನ್ವಾಸು ಬಿಟ್ಟು, ಗದ್ದೆಯ ಪೈರಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿ ಹಿಡಿದೆ. ಹಬ್ಬದ ಬೆಳಗ್ಗೆ ಚರಗ (ಗದ್ದೆಗೆ ಬೀರುವ ಎಡೆ) ಹೊತ್ತು ಬುಟ್ಟಿ ಗದ್ದೆಗೆ ಹೋಗಲೇಬೇಕು, ಅಷ್ಟರೊಳಗೆ ಚಿತ್ತಾರ ಮುಗಿಯಲೇಬೇಕು. ಬರಲು ಕಾರಣ ಸಿಕ್ಕಿತಲ್ಲ! ಜಾಗ, ದೀವರ ಅಜ್ಜಿಯೊಬ್ಬರ ಅಂಗಳ. ಹೊತ್ತು, ಊಟದ ಪಾತ್ರೆ ತೊಳೆದ ಮೇಲೆ. ಕಲಿಸುವುದು ಅಜ್ಜಿ, ಚಾ ಕೊಡುವುದು ನಾನು. "ಯಾರೂ ಬರೋದಿಲ್ಲ" ಅಂದಿದ್ದ ಗೆಳೆಯನ ತಾಯಿಯೇ ಈಗ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ, ಸುಮ್ನೆ ಹೇಳುತ್ತಿಲ್ಲ. ಇಪ್ಪತ್ತೈದರ ಹತ್ತಿರ ಜನ ಆಗುತ್ತಾರೆ. ಅರ್ಧ ಹೊತ್ತು ಹಾಡು, ಉಳಿದ ಹೊತ್ತು ಸೊಸೆಯರ ಸುದ್ದಿ, ನಡುವೆ ಚಿತ್ತಾರ.

ಬುಟ್ಟಿಗೆ ಬಳಿಯುವ ಸಗಣಿ, ಕೆಮ್ಮಣ್ಣು, ಕುಂಚಕ್ಕೆ ಪುಂಡಿ ನಾರು, ಇವು ಶಿಬಿರ ಮಾಡಿದವರಿಗೆ ಹೊಸದಲ್ಲ. ಕಾಡಿದ್ದು ಬಿಳಿ ಬಣ್ಣ. ಅಕ್ಕಿ ಹಿಟ್ಟು ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತಿತ್ತು, ಮೊದಲ ಬುಟ್ಟಿಗಳು ಹಾಗೇ ಹಾಳಾದವು. ಈಗ ಅರೆಯುವಾಗ ಒಂದು ಸಾಮಾನು ಸೇರಿಸುತ್ತೇವೆ. ಅದನ್ನು ಹೇಳಿದರೆ ಅಜ್ಜಿ ನನ್ನನ್ನು ಅಂಗಳಕ್ಕೆ ಬಿಡುವುದಿಲ್ಲ. ಹಳದಿ ಬಣ್ಣಕ್ಕೆ ಗುರಿಗೆ ಅನ್ನುವ ಕಾಡು ಬೀಜ ಬೇಕು, ಅದಕ್ಕಾಗಿ ಬೆಟ್ಟ ಹತ್ತಿದ್ದೇ ದೊಡ್ಡ ಲಾಭ. ಮಂಡಿ ನೋವು ಅನ್ನುತ್ತಿದ್ದವರೂ ಕೋಲು ಹಿಡಿದು ಬಂದರು. ಬೀಜ ಸಿಕ್ಕಿದ್ದು ಒಂದು ಮುಷ್ಟಿ, ಮಾತು ಮಾತ್ರ ಒಂದು ತಿಂಗಳಿಗಾಗುವಷ್ಟು.

ನಡುವೆ ಕರಾವಳಿಯ ಗುಡಿಗಳ ಕಾವಿ ಕಲೆಯ ಹುಚ್ಚೂ ಹತ್ತಿತು. ಸುಣ್ಣದ ಗಾರೆಯ ಮೇಲೆ ಕಾವಿ ಬಳಿದು, ಹಸಿ ಇರುವಾಗಲೇ ಕೆರೆದು ಅಡಿಯ ಬಿಳಿ ಕಾಣಿಸಬೇಕು. ಹಲಗೆಯ ಮೇಲೆ ಮಾಡಿ ನೋಡಿದೆವು. ಮಾತು ಮುಗಿಯುವುದರೊಳಗೆ ಗಾರೆ ಒಣಗಿ ಕಲ್ಲಾಯಿತು. ಹರಟೆ ಹೊಡೆಯುವ ಕೂಟಕ್ಕೆ ಆ ಕಲೆ ಆಗಿಬರುವುದಿಲ್ಲ.

ಬಣ್ಣಕ್ಕೆ ಈಗ ಖರ್ಚೇ ಇಲ್ಲ ಅನ್ನಬಹುದು. ಚಾ, ಅವಲಕ್ಕಿ, ದೂರದವರ ಆಟೋ ಸೇರಿ ವಾರಕ್ಕೆ ಐನೂರು ಆರುನೂರು. ಆಟೋ ದುಡ್ಡು ಮಾತ್ರ ಉಳಿಸಲು ಹೋಗಬೇಡಿ, ಅದು ನಿಂತರೆ ಅರ್ಧ ಜನ ನಿಲ್ಲುತ್ತಾರೆ. ಅಡಿಕೆ ಕೊಯ್ಲು ಶುರುವಾದರೆ ಕೂಟ ಬಂದ್, ಎಳೆದಾಡಿ ಪ್ರಯೋಜನ ಇಲ್ಲ. ಬುಟ್ಟಿಗೆ ಮೇದಾರರ ಹತ್ತಿರ ಶ್ರಾವಣದಲ್ಲೇ ಹೇಳಿಡಿ, ಹುಣ್ಣಿಮೆ ಹತ್ತಿರ ಬಂದರೆ ರೇಟು ಜಾಸ್ತಿ.