ಸಿಡ್ನಿಯೋ ಮೆಲ್ಬರ್ನೋ? ಬೆಂಗಳೂರಿನಿಂದ ಹೊರಟವರಿಗೆ

ಡಿಸೆಂಬರ್‌ನಲ್ಲಿ ರಜೆಗೆ ಗಿರಿನಗರದ ಮನೆಗೆ ಬಂದರೆ ಸಾಕು, ಪರಿಚಯದವರು ಯಾರಾದರೂ ಮಗನನ್ನೋ ಅಳಿಯನನ್ನೋ ಕರೆದುಕೊಂಡು ಬರುತ್ತಾರೆ. "ಆಸ್ಟ್ರೇಲಿಯಾಗೆ ಹೊರಟಿದ್ದಾನೆ. ಸಿಡ್ನಿ ಒಳ್ಳೇದಾ, ಮೆಲ್ಬರ್ನ್ ಒಳ್ಳೇದಾ, ಸ್ವಲ್ಪ ಹೇಳಿ." ನಾನಿರುವುದು ಮೆಲ್ಬರ್ನ್‌ನಲ್ಲಿ. ನನ್ನ ಷಡ್ಡಕರು ಇರುವುದು ಸಿಡ್ನಿಯಲ್ಲಿ. ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ ಕಾಫಿ ಆರಿಹೋಗುತ್ತದೆ, ಉತ್ತರ ಮಾತ್ರ ಸಿಗುವುದಿಲ್ಲ. ಅದಕ್ಕೇ ಈ ಬರಹ.

ಈ ಊರುಗಳ ಜಗಳ ಇವತ್ತಿನದಲ್ಲ. 1901ರಲ್ಲಿ ಆಸ್ಟ್ರೇಲಿಯಾ ಒಂದು ದೇಶವಾಗುವ ಹೊತ್ತಿಗೇ ರಾಜಧಾನಿ ನಮ್ಮಲ್ಲಿರಲಿ ಎಂದು ಎರಡೂ ಪಟ್ಟು ಹಿಡಿದಿದ್ದವು. ಕೊನೆಗೆ ಸಂವಿಧಾನದಲ್ಲೇ ಬರೆದುಬಿಟ್ಟರು: ರಾಜಧಾನಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲೇ ಇರಬೇಕು, ಆದರೆ ಸಿಡ್ನಿಯಿಂದ ಕಡಿಮೆಯೆಂದರೆ 100 ಮೈಲಿ ದೂರ ಇರಬೇಕು. ಅಲ್ಲಿಯವರೆಗೆ ಸಂಸತ್ತು ಮೆಲ್ಬರ್ನ್‌ನಲ್ಲಿ. ಹಾಗಾಗಿ ಕ್ಯಾನ್‌ಬೆರಾ ಹುಟ್ಟಿತು, 1927ರಲ್ಲಿ ಸಂಸತ್ತು ಅಲ್ಲಿಗೆ ಹೋಯಿತು. ಮಲ್ಲೇಶ್ವರದವರಿಗೂ ಬಸವನಗುಡಿಯವರಿಗೂ ಜಗಳ ಬಂತೆಂದು ವಿಧಾನಸೌಧವನ್ನು ಕುಣಿಗಲ್ಲಿನಲ್ಲಿ ಕಟ್ಟಿದ ಹಾಗೆ.

ನಿಮಗೆ ಈ ಜಗಳ ಬೇಡ. ಬಹಳ ಜನರ ವಿಷಯದಲ್ಲಿ ಆಯ್ಕೆ ಇರುವುದೇ ಇಲ್ಲ, ವೀಸಾನೇ ತೀರ್ಮಾನ ಮಾಡಿರುತ್ತದೆ. 189 ನಂಬರಿನ ವೀಸಾ ಸಿಕ್ಕಿದ್ದರೆ ಎಲ್ಲಿ ಬೇಕಾದರೂ ಇರಬಹುದು. 190 ಆದರೆ ಒಂದು ರಾಜ್ಯ ನಿಮ್ಮನ್ನು ನಾಮನಿರ್ದೇಶನ ಮಾಡಿರುತ್ತದೆ, ಮೊದಲು ಅಲ್ಲಿಗೇ ಹೋಗಬೇಕು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಹೆಸರಲ್ಲಿ ವೀಸಾ ತೆಗೆದುಕೊಂಡು ಸಿಡ್ನಿಯಲ್ಲಿ ಮನೆ ಹುಡುಕುವುದು ಸರಿಯಲ್ಲ. 491 ಆದರೆ ಎರಡೂ ಊರು ಇಲ್ಲ, ಆ ವೀಸಾ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಆಚೆ ಇರುವವರಿಗೆ. 482 ಆದರೆ ಕೆಲಸ ಕೊಟ್ಟವರು ಹೇಳಿದ ಊರು.

ಆಮೇಲೆ ಕೆಲಸ. ಕಾಮನ್‌ವೆಲ್ತ್, ವೆಸ್ಟ್‌ಪ್ಯಾಕ್, ಮ್ಯಾಕ್ವೊರಿ ಬ್ಯಾಂಕುಗಳು, ಅಟ್ಲಾಸಿಯನ್, ಕ್ಯಾನ್ವಾ ಎಂಬ ಸಾಫ್ಟ್‌ವೇರ್ ಕಂಪನಿಗಳು ಇವುಗಳ ಮುಖ್ಯ ಕಚೇರಿ ಸಿಡ್ನಿಯಲ್ಲಿ. ಎಎನ್‌ಝಡ್, ಎನ್‌ಎಬಿ ಬ್ಯಾಂಕುಗಳು, ಟೆಲ್‌ಸ್ಟ್ರಾ ಎಂಬ ಫೋನ್ ಕಂಪನಿ ಮೆಲ್ಬರ್ನ್‌ನಲ್ಲಿ. ನೀವು ಬೆಂಗಳೂರಿನ ಎಎನ್‌ಝಡ್ ಕಚೇರಿಯಲ್ಲಿ ಕೆಲಸ ಮಾಡಿದವರಾದರೆ ಮೆಲ್ಬರ್ನ್‌ನಲ್ಲಿ ನಿಮ್ಮ ಹೆಸರು ಗೊತ್ತಿರುವ ಮ್ಯಾನೇಜರ್ ಒಬ್ಬರಾದರೂ ಇರುತ್ತಾರೆ. ಮೊದಲ ಕೆಲಸಕ್ಕೆ ಅದು ದೊಡ್ಡ ಬಲ. ಹಣಕಾಸು, ಸ್ಟಾರ್ಟಪ್ ಕಡೆ ಒಲವಿದ್ದರೆ ಸಿಡ್ನಿಗೆ ಹೋಗಿ. ಇದನ್ನು ಮೆಲ್ಬರ್ನ್‌ನವನಾಗಿಯೂ ಹೇಳುತ್ತೇನೆ. ಮದುವೆಯಾಗಿಲ್ಲ, ಕೈಯಲ್ಲಿ ಸಿಡ್ನಿ ಆಫರ್ ಇದೆ ಅಂದರೆ ಯೋಚನೆ ಮಾಡುವುದೇನಿದೆ?

ಸಂಸಾರ ಕಟ್ಟಿಕೊಂಡು ಹೋಗುವವರ ಲೆಕ್ಕ ಬೇರೆ. ಅವರು ಊರನ್ನಲ್ಲ, ಬಡಾವಣೆಯನ್ನು ಆರಿಸಬೇಕು. ಒಪೆರಾ ಹೌಸ್ ನೋಡಿ ಸಿಡ್ನಿಗೆ, ಟ್ರಾಮ್ ನೋಡಿ ಮೆಲ್ಬರ್ನ್‌ಗೆ ಹೋದರೆ ಅವೆರಡೂ ಊರಿಂದ ನೆಂಟರು ಬಂದಾಗ ಮಾತ್ರ ಕಣ್ಣಿಗೆ ಬೀಳುತ್ತವೆ. ಸಿಡ್ನಿಯಲ್ಲಿ ನಮ್ಮವರು ಜಾಸ್ತಿ ಇರುವುದು ಪಶ್ಚಿಮದಲ್ಲಿ: ಪ್ಯಾರಾಮಟ್ಟಾ, ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್, ಟೂಂಗಾಬಿ, ಇನ್ನೂ ಆಚೆ ಸ್ಕೋಫೀಲ್ಡ್ಸ್, ಮಾರ್ಸ್‌ಡನ್ ಪಾರ್ಕ್. ಹ್ಯಾರಿಸ್ ಪಾರ್ಕ್‌ನಲ್ಲಿ ಇಳಿದರೆ ದೋಸೆ, ಸೀರೆ, ಚಿನ್ನ ಎಲ್ಲ ಒಂದೇ ಬೀದಿ. ಮೆಲ್ಬರ್ನ್‌ನಲ್ಲಿ ನಮ್ಮವರು ಚದುರಿದ್ದಾರೆ. ಪಶ್ಚಿಮಕ್ಕೆ ಟಾರ್ನೀಟ್, ಪಾಯಿಂಟ್ ಕುಕ್, ಟ್ರುಗನಿನಾ. ಪೂರ್ವಕ್ಕೆ ಗ್ಲೆನ್ ವೇವರ್ಲಿ, ಕ್ಲೇಟನ್. ಆಗ್ನೇಯಕ್ಕೆ ಕ್ರ್ಯಾನ್‌ಬರ್ನ್, ಕ್ಲೈಡ್. 2021ರ ಜನಗಣತಿ ಪ್ರಕಾರ ಭಾರತದಲ್ಲಿ ಹುಟ್ಟಿದವರು ಸಿಡ್ನಿಗಿಂತ ಮೆಲ್ಬರ್ನ್‌ನಲ್ಲೇ ಹೆಚ್ಚು, ಆದರೂ ಸಿಡ್ನಿಯಲ್ಲಿ ನೆರೆಹೊರೆ ಅನ್ನುವುದು ಬೇಗ ಸಿಗುತ್ತದೆ. ದೊಡ್ಡ ದೇವಸ್ಥಾನಗಳು ಮಾತ್ರ ಎರಡೂ ಕಡೆ ನಮ್ಮನ್ನು ಓಡಾಡಿಸುತ್ತವೆ. ಸಿಡ್ನಿಯ ವೆಂಕಟೇಶ್ವರ ಹೆಲೆನ್ಸ್‌ಬರ್ಗ್‌ನಲ್ಲಿ, ಊರಿನ ದಕ್ಷಿಣದಾಚೆ. ಮೆಲ್ಬರ್ನ್‌ನ ಶಿವ ವಿಷ್ಣು ಕ್ಯಾರಮ್ ಡೌನ್ಸ್‌ನಲ್ಲಿ. ಟಾರ್ನೀಟ್‌ನಿಂದ ಹೊರಟರೆ ಊರನ್ನೇ ದಾಟಿ ಹೋಗಬೇಕು.

ಮನೆ ಕೊಳ್ಳುವ ಆಸೆ ಇದ್ದರೆ ಇಲ್ಲಿ ನನ್ನ ಪಕ್ಷಪಾತ ಶುರುವಾಗುತ್ತದೆ. ಸಿಡ್ನಿಯಲ್ಲಿ ಅಪಾರ್ಟ್‌ಮೆಂಟ್ ಬರುವ ದುಡ್ಡಿಗೆ ಮೆಲ್ಬರ್ನ್ ಅಂಚಿನಲ್ಲಿ ಹಿತ್ತಲಿರುವ ಮನೆ ಬರುತ್ತದೆ. ಅದಕ್ಕೆ ತೆರುವ ಬೆಲೆ ಪ್ರಯಾಣ. ಟಾರ್ನೀಟ್‌ಗೆ ಬರುವುದು ನಗರದ ಮೆಟ್ರೋ ರೈಲಲ್ಲ, ಜೀಲಾಂಗ್ ಕಡೆಯ ವಿ-ಲೈನ್ ರೈಲು. ಬೆಳಗ್ಗೆ ಎಂಟಕ್ಕೆ ಅದರಲ್ಲಿ ಸೀಟು ಸಿಕ್ಕರೆ ಪುಣ್ಯ. ಸಿಡ್ನಿಯ ವಾಯವ್ಯದವರಿಗೆ 2019ರಲ್ಲಿ ಚಾಲಕರಿಲ್ಲದ ಮೆಟ್ರೋ ಬಂತು, 2024ರ ಆಗಸ್ಟ್‌ನಲ್ಲಿ ಅದು ನಗರದ ಮಧ್ಯಕ್ಕೂ ಮುಟ್ಟಿತು. ಷಡ್ಡಕರು ಇದನ್ನು ಹೇಳುವಾಗ ನಾನು ಮಾತು ಬದಲಿಸುತ್ತೇನೆ.

ಬಾಡಿಗೆ ವಾರದ ಲೆಕ್ಕದಲ್ಲಿ ಹೇಳುತ್ತಾರೆ, ಗಾಬರಿಯಾಗಬೇಡಿ, ಸುಮ್ನೆ ನಾಲ್ಕರಿಂದ ಗುಣಿಸಿ ಖುಷಿಪಡಲೂ ಬೇಡಿ. ವರ್ಷಕ್ಕೆ 52 ವಾರ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ಸಾಮಾನ್ಯವಾಗಿ ಎರಡೂ ಕಡೆ ಸುಮಾರು ಒಂದು ತಿಂಗಳ ಬಾಂಡ್. ಅದು ಓನರ್ ಜೇಬಿಗೆ ಹೋಗುವುದಿಲ್ಲ, ರಾಜ್ಯ ಸರ್ಕಾರದ ವ್ಯವಸ್ಥೆಯಲ್ಲಿ ಠೇವಣಿ ಇರುತ್ತದೆ. ಗೋಡೆಗೆ ಬಣ್ಣ ಹೊಡೆಸಬೇಕು ಎಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ನಮ್ಮೂರ ಪದ್ಧತಿಯಿಂದ ಬಂದವರಿಗೆ ಇದು ನಂಬುವುದಕ್ಕೇ ಕಷ್ಟ.

ಶಾಲೆಯ ವಿಷಯ ಮಾತ್ರ ಕೂತು ಯೋಚಿಸಬೇಕಾದದ್ದು. ಎರಡೂ ಕಡೆ ಶಾಲೆಯ ವರ್ಷ ಶುರುವಾಗುವುದು ಜನವರಿ ಕೊನೆಯ ಹೊತ್ತಿಗೆ. ಆದರೆ ಸೇರಿಸುವ ವಯಸ್ಸು ಬೇರೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಆ ವರ್ಷ ಜುಲೈ 31ರೊಳಗೆ ಐದು ತುಂಬಬೇಕು, ವಿಕ್ಟೋರಿಯಾದಲ್ಲಿ ಏಪ್ರಿಲ್ 30ರೊಳಗೆ. ಜೂನ್‌ನಲ್ಲಿ ಹುಟ್ಟಿದ ಮಗು ಸಿಡ್ನಿಯಲ್ಲಿ ಒಂದು ವರ್ಷ ಮೊದಲೇ ಸೇರಬಹುದು. ಎರಡು ಊರುಗಳ ನಡುವೆ ಆಮೇಲೆ ಬದಲಾಯಿಸೋಣ ಅಂದುಕೊಂಡವರು ಇದನ್ನು ನೆನಪಿಡಿ.

ಇನ್ನು ಸೆಲೆಕ್ಟಿವ್ ಶಾಲೆಗಳು, ಅಂದರೆ ಪರೀಕ್ಷೆ ಬರೆದು ಸೇರುವ ಸರ್ಕಾರಿ ಶಾಲೆಗಳು. ಸಿಡ್ನಿಯಲ್ಲಿ ಇವು ಬಹಳ, ಏಳನೇ ತರಗತಿಗೆ ಪ್ರವೇಶ. ಅದಕ್ಕೂ ಮುಂಚೆ ಐದು, ಆರನೇ ತರಗತಿಗೆ ಓಸಿ ಅನ್ನುವ ವಿಶೇಷ ತರಗತಿಗಳಿವೆ, ಅದರ ಪರೀಕ್ಷೆ ನಾಲ್ಕನೇ ತರಗತಿಯಲ್ಲೇ. ವಿಕ್ಟೋರಿಯಾದಲ್ಲಿ ಇಂಥ ಶಾಲೆ ನಾಲ್ಕೇ ನಾಲ್ಕು, ಪ್ರವೇಶ ಒಂಬತ್ತನೇ ತರಗತಿಗೆ. ಅವುಗಳಲ್ಲಿ ಸುಝಾನ್ ಕೋರಿ ಶಾಲೆ ಇರುವುದು ವೆರಿಬೀಯಲ್ಲಿ, ನಮ್ಮವರ ಪಶ್ಚಿಮದ ಬಡಾವಣೆಗಳ ಪಕ್ಕದಲ್ಲೇ. ಬೆಂಗಳೂರಿನ ಟ್ಯೂಷನ್ ಕಾಟ ಬೇಡ ಎಂದು ವಿಮಾನ ಹತ್ತಿದವರು ಪ್ಯಾರಾಮಟ್ಟಾದಲ್ಲಿ ಎಂಟು ವರ್ಷದ ಮಗುವನ್ನು ಶನಿವಾರ ಬೆಳಗ್ಗೆ ಕೋಚಿಂಗ್‌ಗೆ ಬಿಡುವುದನ್ನು ನೋಡಿದ್ದೇನೆ. ಓದಿನಲ್ಲಿ ಚುರುಕಾದ ಮಗುವಿಗೆ ಸಿಡ್ನಿಯಲ್ಲಿ ಬಾಗಿಲು ಜಾಸ್ತಿ, ನಿಜ. ಬಾಲ್ಯ ಸ್ವಲ್ಪ ನಿಧಾನವಾಗಿ ಹೋಗಲಿ ಅನ್ನುವವರಿಗೆ ಮೆಲ್ಬರ್ನೇ ವಾಸಿ. ಮೆಲ್ಬರ್ನ್‌ನಲ್ಲಿ ಒತ್ತಡ ಬೇರೆ ದಾರಿಯಲ್ಲಿ ಬರುತ್ತದೆ: ಗ್ಲೆನ್ ವೇವರ್ಲಿಯ ಸರ್ಕಾರಿ ಪ್ರೌಢಶಾಲೆಯ ವ್ಯಾಪ್ತಿಯೊಳಗೆ ಮನೆ ಸಿಗಬೇಕೆಂದು ಜನ ಹೆಚ್ಚಿನ ಬಾಡಿಗೆ ಕೊಟ್ಟೂ ನಿಲ್ಲುತ್ತಾರೆ. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಸರ್ಕಾರಿ ಶಾಲೆಯ ಶುಲ್ಕದ ನಿಯಮವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟಿಕೆಟ್ ಮಾಡಿಸುವ ಮೊದಲು ಆಯಾ ಶಿಕ್ಷಣ ಇಲಾಖೆಯ ಪುಟ ನೋಡಿ.

ಹವೆಯ ಬಗ್ಗೆ ಎಲ್ಲರೂ ಹೇಳುವುದರಲ್ಲಿ ಅರ್ಧ ಸುಳ್ಳು. ಮೆಲ್ಬರ್ನ್‌ನಲ್ಲಿ ಯಾವಾಗಲೂ ಮಳೆ ಅನ್ನುತ್ತಾರೆ. ವರ್ಷದ ಮಳೆ ಅಲ್ಲಿ ಸುಮಾರು 650 ಮಿಲಿಮೀಟರ್, ಸಿಡ್ನಿಯಲ್ಲಿ 1200ರ ಹತ್ತಿರ. ಬೆಂಗಳೂರು ಎರಡರ ಮಧ್ಯೆ. ಮೆಲ್ಬರ್ನ್ ಮಳೆ ಹನಿಹನಿಯಾಗಿ ದಿನವಿಡೀ ಕಾಡುತ್ತದೆ, ಅಷ್ಟೇ. ಚಳಿ ಮಾತ್ರ ನಿಜ, ಒಳ್ಳೆಯ ಜಾಕೆಟ್ ಬೇಕು. ಸಿಡ್ನಿ ಹಿತ ಅನ್ನುವುದು ಕಡಲ ಬದಿಯವರ ಮಾತು. ನಮ್ಮವರಿರುವ ಪಶ್ಚಿಮಕ್ಕೆ ಕಡಲ ಗಾಳಿ ಅಷ್ಟಾಗಿ ತಲುಪುವುದಿಲ್ಲ. 2020ರ ಜನವರಿ 4ರಂದು ಪೆನ್ರಿತ್‌ನಲ್ಲಿ 48.9 ಡಿಗ್ರಿ ದಾಖಲಾಯಿತು. ಎಸಿ ಇಲ್ಲದ ಮನೆ ನೋಡಲೇಬೇಡಿ.

ಸಮುದ್ರ? ಸಿಡ್ನಿಯ ಬಾಂಡೈ, ಮ್ಯಾನ್ಲಿ ನೇರ ಸಾಗರಕ್ಕೆ ತೆರೆದ ದಡಗಳು, ಅಲೆ ಜೋರು. ಮೆಲ್ಬರ್ನ್ ಇರುವುದು ಪೋರ್ಟ್ ಫಿಲಿಪ್ ಕೊಲ್ಲಿಯ ಮೇಲೆ, ನೀರು ಶಾಂತ. ನೋಡುವುದಕ್ಕೆ ಸಿಡ್ನಿಯೇ ಚೆಂದ, ಒಪ್ಪಿಕೊಳ್ಳುತ್ತೇನೆ. ಈಜು ಬಾರದ ನಾವು ಎಲ್ಲೇ ಇಳಿದರೂ ಕೆಂಪು-ಹಳದಿ ಬಾವುಟಗಳ ನಡುವೆಯೇ ಇಳಿಯಬೇಕು. ಅಲ್ಲಿ ಕಾವಲುಗಾರರು ನೋಡುತ್ತಿರುತ್ತಾರೆ. ಬಾವುಟ ಇಲ್ಲದ ದಡದಲ್ಲಿ ಮೊಣಕಾಲು ನೀರಿನಿಂದಲೂ ಸೆಳೆತ ಒಳಗೆ ಎಳೆದುಕೊಳ್ಳಬಹುದು.

ಅಪ್ಪ ಅಮ್ಮ ಬಂದು ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. 2022ರ ಸೆಪ್ಟೆಂಬರ್‌ನಲ್ಲಿ ಕ್ವಾಂಟಸ್ ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ ಶುರು ಮಾಡಿತು. ದೇವನಹಳ್ಳಿಯಲ್ಲಿ ಹತ್ತಿ ಸಿಡ್ನಿಯಲ್ಲೇ ಇಳಿಯುವುದು, ವಯಸ್ಸಾದವರಿಗೆ ಇದಕ್ಕಿಂತ ಸುಖ ಇಲ್ಲ. ಮೆಲ್ಬರ್ನ್‌ಗೆ ಬರುವವರು ಇದನ್ನೇ ಹಿಡಿದು ಸಿಡ್ನಿಯಲ್ಲಿ ಬದಲಾಯಿಸಬಹುದು, ಆದರೆ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ದೇಶೀಯ ಟರ್ಮಿನಲ್‌ಗೆ ಬೇರೆ ಹೋಗಬೇಕು. ಉಪ್ಪಿನಕಾಯಿ ಡಬ್ಬಿ ಇಟ್ಟುಕೊಂಡು ಒಬ್ಬರೇ ಬರುವ ಅಮ್ಮನಿಗೆ ಅದು ಕಷ್ಟ. ಸಿಂಗಾಪುರದ ಮೇಲೆ ಒಂದೇ ಟಿಕೆಟ್ ಮಾಡಿಸಿ, ವೀಲ್‌ಚೇರ್ ಹೇಳಿಬಿಡಿ. ಪೆಟ್ಟಿಗೆ ನೇರ ಮೆಲ್ಬರ್ನ್‌ಗೇ ಬರುತ್ತದೆ. ಉಪ್ಪಿನಕಾಯಿಯನ್ನು ಮಾತ್ರ ದೇಶದೊಳಗೆ ಬರುವಾಗ ತುಂಬುವ ಕಾರ್ಡಿನಲ್ಲಿ ಬರೆದೇ ತರಲು ಹೇಳಿ.