ಪೈಪ್‌ಲೈನ್ ಟ್ರೆಂಚ್‌ಗೆ ಅಪಾಯ ಮೌಲ್ಯಮಾಪನ ಬರೆದ ನನ್ನ ಅನುಭವ

ಬೆಂಗಳೂರಿನ ಪೂರ್ವ ಭಾಗದ ಒಂದು ಬಡಾವಣೆಯಲ್ಲಿ ಒಳಚರಂಡಿ ಪೈಪ್ ಹಾಕಲು ಸುಮಾರು 140 ಮೀಟರ್ ಉದ್ದದ ಟ್ರೆಂಚ್ ತೋಡಬೇಕಾಗಿತ್ತು. ಅದರ ಆಳ ಒಂದು ತುದಿಯಲ್ಲಿ 1.4 ಮೀಟರ್ ಇದ್ದರೆ, ಹಳೆಯ ಮ್ಯಾನ್‌ಹೋಲ್ ಸೇರುವ ಇನ್ನೊಂದು ತುದಿಯಲ್ಲಿ 3.2 ಮೀಟರ್ ಇತ್ತು. ಒಂದು ಬದಿಗೆ ಮನೆಗಳ ಕಾಂಪೌಂಡ್, ಇನ್ನೊಂದು ಬದಿಗೆ ಟಿಪ್ಪರ್‌ಗಳು ಓಡಾಡುವ ರಸ್ತೆ. ಸೈಟಿನ ಸುರಕ್ಷತಾ ಎಂಜಿನಿಯರ್ ಆಗಿದ್ದ ನಾನು ಆ ಕೆಲಸದ ಅಪಾಯ ಮೌಲ್ಯಮಾಪನವನ್ನು, ಅಂದರೆ ಸೈಟಿನಲ್ಲಿ ಎಲ್ಲರೂ ‘ಹಿರಾ’ ಎಂದು ಕರೆಯುವ ದಾಖಲೆಯನ್ನು, ಸಿದ್ಧಪಡಿಸಬೇಕಾಗಿತ್ತು.

ಅದಕ್ಕೂ ಹಲವು ವರ್ಷ ಮೊದಲು, ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಾನು ಹಳೆಯ ಪ್ರಾಜೆಕ್ಟಿನ ಹಿರಾ ತೆಗೆದು ಹೆಸರು ಮತ್ತು ದಿನಾಂಕ ಮಾತ್ರ ಬದಲಿಸಿ ಸಹಿ ಹಾಕಿಸಿದ್ದೆ. ‘ಅಗೆದ ಮಣ್ಣನ್ನು ಸುರಕ್ಷಿತ ದೂರದಲ್ಲಿ ಹಾಕತಕ್ಕದ್ದು’ ಎಂದು ಅದರಲ್ಲಿತ್ತು, ಆದರೆ ಎಷ್ಟು ದೂರ ಎಂದು ಇರಲಿಲ್ಲ. ಜೆಸಿಬಿ ಆಪರೇಟರ್ ಬಕೆಟ್ ಸಲೀಸಾಗಿ ತಿರುಗುವ ಜಾಗದಲ್ಲಿ, ಅಂಚಿಗೇ ಹೊಂದಿಕೊಂಡಂತೆ ರಾಶಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಆ ಭಾರಕ್ಕೆ ಎರಡು ಮೀಟರ್ ಆಳದ ಬದಿ ಕುಸಿಯಿತು. ಒಳಗಿದ್ದ ನಾಲ್ವರು ಹತ್ತು ನಿಮಿಷ ಮೊದಲಷ್ಟೇ ಊಟಕ್ಕೆಂದು ಮೇಲೆ ಬಂದಿದ್ದರು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಮಟ್ಟ ಹೂತುಹೋದವರ ತಲೆ ಹೊರಗಿದ್ದರೂ ಉಸಿರೆಳೆಯಲು ಎದೆ ಹಿಗ್ಗುವುದಿಲ್ಲ. ಅರ್ಧ ಹೂತು ಕಂಠವಷ್ಟೇ ಕಾಣುತ್ತಿದ್ದ ಒಂದು ಬಾಂಡ್ಲಿ ಇಂದಿಗೂ ನನ್ನ ಕಣ್ಣ ಮುಂದಿದೆ. ಗುಂಡಿಯ ಬಳಿ ನಿಂತವರು ನೋಡಿ, ಅಳೆದು, ತಕ್ಷಣ ಪಾಲಿಸಬಹುದಾದ ಮಾತನ್ನು ಮಾತ್ರ ಹಿರಾದಲ್ಲಿ ಬರೆಯಬೇಕೆಂದು ಅಂದಿನಿಂದ ನಿಶ್ಚಯಿಸಿಕೊಂಡೆ.

ಆದ್ದರಿಂದ ಈ ಕೆಲಸದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಮೊದಲು ಪೈಪ್ ಹೋಗುವ ದಾರಿಯನ್ನು ಮೂರು ಸಲ ನಡೆದೆ. ಮೊದಲ ಸಲ ಕಣ್ಣಿಗೆ ಕಂಡದ್ದನ್ನು ಗುರುತು ಹಾಕಿಕೊಂಡೆ: ಅಂಚಿಗೆ ಒಂದು ಮೀಟರ್ ದೂರವೂ ಇಲ್ಲದ ಎರಡು ವಿದ್ಯುತ್ ಕಂಬಗಳು, ಪಾಯ ಆಳವಿಲ್ಲದ ಹಳೆಯ ಕಾಂಪೌಂಡ್ ಗೋಡೆ, ಮನೆಗಳ ಸಂಪುಗಳು. ಎರಡನೆಯ ಸಲ ಮನೆಯವರನ್ನು ಮಾತನಾಡಿಸಿದೆ. ಇಂಥ ವಿಚಾರಣೆ ಯಾವ ನಮೂನೆಯಲ್ಲೂ ಇಲ್ಲ, ಆದರೆ ಅತಿ ಮುಖ್ಯ ಸಂಗತಿ ತಿಳಿದದ್ದು ಅಲ್ಲೇ. ಕೊನೆಯ ಮನೆಯ ಹಿರಿಯರೊಬ್ಬರು, “ಇಲ್ಲೆಲ್ಲ ಮೊದಲು ತೋಟ ಇತ್ತಪ್ಪ, ಆ ಹೊಂಗೆ ಮರದ ಪಕ್ಕ ಒಂದು ಬಾವಿ ಇತ್ತು, ಲೇಔಟ್ ಮಾಡುವಾಗ ಮುಚ್ಚಿಹಾಕಿದರು” ಎಂದರು. ಟ್ರೆಂಚ್ ಅತಿ ಆಳವಾಗಿದ್ದುದೂ ಆ ಹೊಂಗೆ ಮರದ ಬಳಿಯೇ. ಮೂರನೆಯ ಸಲ ಕೂಲಿಯವರೊಂದಿಗೆ ಹೋಗಿ, ಯಂತ್ರ ತರದೆ, ಗುದ್ದಲಿಯಿಂದ ಏಳು ಕಡೆ ಪರೀಕ್ಷಾ ಗುಂಡಿ ತೋಡಿಸಿದೆ. ಬಾವಿ ಇದ್ದ ಕಡೆ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಚೀಲ, ಸಡಿಲವಾದ ಬೂದು ಮಣ್ಣು ಸಿಕ್ಕಿತು. ಇನ್ನೊಂದು ಗುಂಡಿಯಲ್ಲಿ ಎರಡೂವರೆ ಅಡಿ ಕೆಳಗೆ ಸಾಲಾಗಿ ಜೋಡಿಸಿದ ಕಲ್ಲು ಹಲಗೆ, ಅದರಡಿ ಮರಳು, ಮರಳಿನಡಿ ವಿದ್ಯುತ್ ಕೇಬಲ್ ಇತ್ತು. ನಮ್ಮ ಕೈಗೆ ಬಂದಿದ್ದ ನಕ್ಷೆಯಲ್ಲಿ ಆ ಕೇಬಲ್ ರಸ್ತೆಯ ಆಚೆ ಬದಿಯಲ್ಲಿತ್ತು. ಅಗೆಯುವ ಮುನ್ನ ಮಾಹಿತಿ ನೀಡಲು 2023ರಿಂದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಇದೆ, ಅದನ್ನು ಬಳಸಲೇಬೇಕು. ಆದರೂ ಗುದ್ದಲಿಯ ಗುಂಡಿಗೆ ಅದು ಬದಲಿಯಾಗದು.

ಇದಾದ ಮೇಲೆ 140 ಮೀಟರಿಗೆ ಒಂದೇ ಹಿರಾ ಬರೆಯುವುದು ತಪ್ಪೆಂದು ಸ್ಪಷ್ಟವಾಯಿತು. ಆಳ ಕಡಿಮೆಯಿರುವ ಗಟ್ಟಿ ಕೆಂಪು ಮಣ್ಣಿನ ಭಾಗ, ಕೇಬಲ್ ಮತ್ತು ಕಾಂಪೌಂಡ್ ಪಕ್ಕದ ಭಾಗ, ಬಾವಿ ಮುಚ್ಚಿದ ಭಾಗ ಎಂದು ವಿಂಗಡಿಸಿ ಪ್ರತಿಯೊಂದಕ್ಕೂ ಬೇರೆ ಹಾಳೆ ಮಾಡಿದೆ.

ಮಣ್ಣಿನ ವಿಷಯದಲ್ಲಿ ಮೇಸ್ತ್ರಿಗೂ ನನಗೂ ದೀರ್ಘ ಚರ್ಚೆಯೇ ನಡೆಯಿತು. “ಸಾರ್, ಇದು ಗಟ್ಟಿ ಮಣ್ಣು, ಗೋಡೆ ನಿಂತಂಗೆ ನಿಲ್ಲುತ್ತೆ, ಇಪ್ಪತ್ತು ವರ್ಷದಿಂದ ನೋಡಿದ್ದೀನಿ” ಎಂದು ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕೆಂಪು ಮಣ್ಣು ಒಣಗಿದ್ದಾಗ ನೆಟ್ಟಗೆ ನಿಲ್ಲುತ್ತದೆ. ಅದೇ ಮಣ್ಣು ನೀರು ಕುಡಿದರೆ ಕಣಗಳ ನಡುವಿನ ಬಿಗಿ ಸಡಿಲಿ, ಹೆಚ್ಚು ಮುನ್ಸೂಚನೆ ಕೊಡದೆ ಹಲಗೆಯಂತೆ ಕಳಚಿ ಬೀಳುತ್ತದೆ. ನಾವು ಕೆಲಸ ಮಾಡಬೇಕಾಗಿದ್ದುದು ಸೆಪ್ಟೆಂಬರ್ ಮಳೆಯಲ್ಲಿ. ಹಾಗಾಗಿ ಅವರ ಇಪ್ಪತ್ತು ವರ್ಷದ ಅನುಭವವನ್ನು ಬದಿಗೊತ್ತದೆ, ಯಾವ ಸ್ಥಿತಿಯಲ್ಲಿ ಅದು ಅನ್ವಯಿಸುವುದಿಲ್ಲ ಎಂಬುದನ್ನು ಅವರಿಂದಲೇ ಹೇಳಿಸಿ ಬರೆದುಕೊಂಡೆ: ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಬಿರುಕು ಕಂಡರೆ, ಬದಿಯಿಂದ ಸಣ್ಣ ಹೆಂಟೆಗಳು ಉದುರತೊಡಗಿದರೆ, ತಳದಲ್ಲಿ ನೀರು ಒಸರಿದರೆ, ರಾತ್ರಿ ಮಳೆಯಾಗಿದ್ದರೆ ಯಾರೂ ಇಳಿಯಕೂಡದು.

ಅಂಕ ಹಾಕುವಾಗ ನಾನು ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ. ತೀವ್ರತೆ ಮತ್ತು ಸಂಭವನೀಯತೆಯನ್ನು ಒಂದರಿಂದ ಐದರವರೆಗೆ ಅಳೆದು ಗುಣಿಸುವ ಪದ್ಧತಿಯಲ್ಲಿ, ಮಣ್ಣಿನಡಿ ಹೂತುಹೋಗುವ ಅಪಾಯದ ತೀವ್ರತೆ ಸದಾ ಐದೇ. ಹೆಲ್ಮೆಟ್, ಬೂಟು, ಜಾಕೆಟ್ ಎಂದು ಬರೆದು ಅದನ್ನು ಮೂರಕ್ಕೆ ಇಳಿಸಿದ ಹಾಳೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ಟನ್ನುಗಟ್ಟಲೆ ಮಣ್ಣಿನ ಕೆಳಗೆ ಹೆಲ್ಮೆಟ್ಟಿನಿಂದ ಏನೂ ಆಗದು. ಶೋರಿಂಗ್, ಅಂದರೆ ಬದಿ ಕುಸಿಯದಂತೆ ಒಳಗಿನಿಂದ ಆಧಾರ, ಕೊಟ್ಟರೆ ಕುಸಿತದ ಸಂಭವ ಕಡಿಮೆಯಾಗುತ್ತದೆ, ಕುಸಿದರೆ ಆಗುವ ಅನಾಹುತವೇನೂ ಚಿಕ್ಕದಾಗುವುದಿಲ್ಲ.

ನಿಯಂತ್ರಣ ಕ್ರಮಗಳಲ್ಲಿ ಮೊದಲು ಕೇಳಿಕೊಂಡ ಪ್ರಶ್ನೆ, ಕೆಳಗೆ ಮನುಷ್ಯರು ಇಳಿಯಲೇಬೇಕೇ ಎಂಬುದು. ಪೈಪಿನಡಿ ಹಾಸುವ ಬೆಡ್ಡಿಂಗ್ ಕಾಂಕ್ರೀಟನ್ನು ಮೇಲಿನಿಂದಲೇ ಸುರಿದು, ಪೈಪನ್ನು ಯಂತ್ರದಿಂದ ಇಳಿಸಿದರೆ ಜಾಯಿಂಟ್ ಮಾಡಲು ಇಬ್ಬರು ಸಾಕಾಗುತ್ತಿತ್ತು. ಐವರು ಇಳಿಯುವ ರೂಢಿ ಅಲ್ಲಿಗೆ ನಿಂತಿತು. ಒಂದು ದಿನದಲ್ಲಿ ಪೈಪ್ ಕೂರಿಸಿ ಮಣ್ಣು ಮುಚ್ಚಲು ಸಾಧ್ಯವಾಗುವ 12 ಮೀಟರ್ ಮಾತ್ರ ತೆರೆಯಬೇಕೆಂದು ನಿಗದಿ ಮಾಡಿದೆವು. ಕೇಂದ್ರ ಲೋಕೋಪಯೋಗಿ ಇಲಾಖೆಯ (ಸಿಪಿಡಬ್ಲ್ಯುಡಿ) ಸುರಕ್ಷತಾ ನಿಯಮಗಳಲ್ಲಿ ಅಳತೆಗಳು ಸ್ಪಷ್ಟವಾಗಿವೆ: 1.5 ಮೀಟರ್ ಮತ್ತು ಅದಕ್ಕೂ ಆಳದ ಬದಿಗಳನ್ನು ಇಳಿಜಾರು ಮಾಡಬೇಕು ಇಲ್ಲವೇ ಆಧಾರ ಕೊಟ್ಟು ಬಿಗಿಯಬೇಕು. ಅಗೆದ ಮಣ್ಣು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಇರಬೇಕು. 3.2 ಮೀಟರ್ ಆಳಕ್ಕೆ ಅದು 1.6 ಮೀಟರ್ ಆಗುತ್ತದೆ. ರಸ್ತೆ ಬದಿಯಲ್ಲಿ ನಮಗಿದ್ದುದು 1.2 ಮೀಟರ್. ಆದ್ದರಿಂದ ಅಲ್ಲಿ ಮಣ್ಣನ್ನು ನೆಲಕ್ಕೆ ಹಾಕದೆ ನೇರವಾಗಿ ಟಿಪ್ಪರಿಗೆ ತುಂಬಿಸಿದೆವು, ಹಿಂದಕ್ಕೆ ಬರುವ ಟಿಪ್ಪರಿಗೆ ಅಡ್ಡಲಾಗಿ ಮರದ ದಿಮ್ಮಿ ಇಟ್ಟೆವು. 30 ಮೀಟರಿಗೆ ಒಂದು ಏಣಿ ಎಂಬುದು ನಿಯಮ. ನಾವು ತೆರೆದ ಪ್ರತಿ 12 ಮೀಟರಿಗೂ ಒಂದು, ಅಂಚಿನಿಂದ ಒಂದು ಮೀಟರ್ ಮೇಲಕ್ಕೆ ಚಾಚಿರುವಂತೆ ಇಟ್ಟೆವು.

ಶೋರಿಂಗ್‌ಗೆ ಉಕ್ಕಿನ ಪ್ಲೇಟು, ಸ್ಕ್ರೂ ಜಾಕ್ ಬೇಕು ಎಂದಾಗ ಗುತ್ತಿಗೆದಾರರು ಅಂದಾಜು ಪಟ್ಟಿಯಲ್ಲಿ ಅದಕ್ಕೆ ಐಟಂ ಇಲ್ಲವೆಂದರು. ಅವರು ಹೇಳಿದ್ದು ನಿಜವಾಗಿತ್ತು. ಹಣ ಕಾದಿರಿಸದ ಶೋರಿಂಗ್ ಹಿರಾದಲ್ಲಿ ಮಾತ್ರ ಉಳಿಯುತ್ತದೆ. ಹೆಚ್ಚುವರಿ ಐಟಂ ಮಂಜೂರಾಗಲು ಆರು ದಿನ ಹಿಡಿಯಿತು, ಆ ಆರು ದಿನ ಆಳದ ಭಾಗವನ್ನು ಮುಟ್ಟಲಿಲ್ಲ. ಈಗ ಟೆಂಡರ್ ತಯಾರಾಗುವ ಹಂತದಲ್ಲೇ ಶೋರಿಂಗ್‌ನ ಪ್ರಮಾಣವನ್ನು ಚದರ ಮೀಟರಿನಲ್ಲಿ ಲೆಕ್ಕ ಹಾಕಿ ಕಳುಹಿಸುತ್ತೇನೆ.

ಡೀಸೆಲ್ ಪಂಪನ್ನು ಕೆಳಗಿಳಿಸಬಾರದು, ಏಕೆಂದರೆ ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಟ್ರೆಂಚಿನೊಳಗೆ ಶೇಖರವಾಗುತ್ತದೆ. ಹಳೆಯ ಮ್ಯಾನ್‌ಹೋಲ್ ಪಕ್ಕ ವಿಷಾನಿಲ ಅಳೆಯುವ ಗ್ಯಾಸ್ ಮೀಟರ್ ಇಳಿಸಿ ನೋಡದೆ ಯಾರೂ ಇಳಿಯಬಾರದು. ಕುಸಿತವಾದರೆ ಯಾರೂ ಒಳಗೆ ಹಾರಬಾರದು, ಜೆಸಿಬಿ ಬಕೆಟ್ಟಿನಿಂದ ಕೆದಕಬಾರದು ಎಂಬುದನ್ನು ದಪ್ಪಕ್ಷರದಲ್ಲಿ ಬರೆಸಿದೆ.

ಹಾಳೆಯನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬರೆದು, ದಿನ ಬೆಳಿಗ್ಗೆ ಟ್ರೆಂಚಿನ ಅಂಚಿನಲ್ಲೇ ಓದಿಸುತ್ತಿದ್ದೆವು. ಅಪಾಯ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗೆ ಎಂಬ ಕಡೆ ‘ಕೆಳಗಿರುವ ಯಾರಿಗಾದರೂ’ ಎಂದು ಬರೆದಿತ್ತು. ಒಂಬತ್ತನೆಯ ದಿನ ಕಾಂಪೌಂಡ್ ಪಕ್ಕದ ಭಾಗದಲ್ಲಿ, ಒಣ ಮಣ್ಣೆಂದು ಪ್ಲೇಟುಗಳನ್ನು ನಡುವೆ ಅಂತರ ಬಿಟ್ಟು ನಿಲ್ಲಿಸಿದ್ದ ಕಡೆ, ಯಾದಗಿರಿಯ ಹೆಣ್ಣುಮಗಳೊಬ್ಬಳು ಎರಡು ಪ್ಲೇಟುಗಳ ನಡುವೆ ಅಂಗೈ ಊರಿ, “ಸಾಹೇಬ್ರ, ಇಲ್ಲಿ ಮಣ್ಣು ತಣ್ಣಗ ಅದರೀ” ಎಂದಳು. ನೋಡಲು ಅಲ್ಲಿ ತೇವವಿರಲಿಲ್ಲ. ಮುಟ್ಟಿದಾಗ ಅಕ್ಕಪಕ್ಕದ ಮಣ್ಣಿಗಿಂತ ನಿಜಕ್ಕೂ ತಣ್ಣಗಿತ್ತು. ಎಲ್ಲರನ್ನೂ ಮೇಲೆ ಕರೆದೆವು. ಗೋಡೆಯಾಚೆಯ ಮನೆಯ ಸಂಪಿನಿಂದ ನೀರು ಸೋರುತ್ತಿತ್ತು. ಮನೆಯವರು ಅಂದೇ ಅದನ್ನು ಖಾಲಿ ಮಾಡಿಸಿದರು. ಸಂಜೆಯ ಹೊತ್ತಿಗೆ ಅದೇ ಜಾಗದಿಂದ ಮೊರದಗಲದ ಮಣ್ಣಿನ ಹೆಂಟೆಯೊಂದು ಕಳಚಿ ತಳಕ್ಕೆ ಬಿತ್ತು. ಮರುದಿನ ಅಂತರ ಬಿಡದೆ ಪ್ಲೇಟು ಜೋಡಿಸಿ, ಹಿರಾದ ನಾಲ್ಕನೆಯ ಪರಿಷ್ಕರಣೆ ಹೊರಡಿಸಿದೆ. ಕೆಲಸ ನಿಲ್ಲಿಸಬೇಕಾದ ಲಕ್ಷಣಗಳ ಪಟ್ಟಿಗೆ ಸೇರಿದ ಹೊಸ ಸಾಲು ಇದು: ‘ಬದಿಯ ಮಣ್ಣನ್ನು ಅಂಗೈಯಿಂದ ಮುಟ್ಟಿ ನೋಡಿ, ಒಂದು ಕಡೆ ಮಾತ್ರ ತಣ್ಣಗಿದ್ದರೆ ಮೇಲೆ ಬನ್ನಿ.’